ಹಾಜರಿಯೂ ಹೊತ್ತೂ

(ಶಿಕ್ಷಕರ ಮತ್ತು ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿಯೂ ಪದವಿಪೂರ್ವ ವರ್ಗಗಳಲ್ಲಿಯೂ ಓದುವ ಮಕ್ಕಳು ತಪ್ಪದೆ ಶಾಲೆಗೆ ಬರುವುದು, ಹೊತ್ತಿಗೆ ಸರಿಯಾಗಿ ಬರುವುದು, ಇವೆರಡರ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನಮಗೆ ಅಪ್ಪಣೆಯಾಗಿದೆ. ವಿಷಯವು ಮೇಲ್ನೋಟಕ್ಕೆ ಅಲ್ಪವೆಂದು ತೋರಬಹುದು. “ಗಂಟೆಗೆ ಮೊದಲು ಬನ್ನಿರಿ, ಬಾರದವರಿಗೆ ದಂಡ” ಎಂದು ಫಲಕದ ಮೇಲೆ ಬರೆದುಬಿಟ್ಟರೆ ತೀರಿತಲ್ಲ, ಇದಕ್ಕೊಂದು ಸಭೆಯೇಕೆ ಎಂದು ಕೇಳುವವರೂ ಇರಬಹುದು. ಆದರೆ ನಮ್ಮ ನಾಡಿನ ಎಷ್ಟೋ ಹುಡುಗ ಹುಡುಗಿಯರ ವಿದ್ಯೆಯು ಮುರಿಯುವುದು ಪರೀಕ್ಷಾಮಂದಿರದಲ್ಲಲ್ಲ; ಅದಕ್ಕೆ ಬಹು ಮುಂಚೆ, ಶಾಲೆಯ ಹೊಸ್ತಿಲಲ್ಲಿ. ಮೊದಲು ಒಂದು ದಿನ ತಪ್ಪುತ್ತದೆ, ಆಮೇಲೆ ವಾರ ತಪ್ಪುತ್ತದೆ, ಕೊನೆಗೆ ಮಗುವೇ ತಪ್ಪಿಹೋಗುತ್ತದೆ. ಹೀಗೆ ಸದ್ದಿಲ್ಲದೆ ಆಗುವ ನಷ್ಟದ ಮೇಲೆ ಕಣ್ಣಿಡುವುದೇ ಇಂದಿನ ನಮ್ಮ ಉದ್ದೇಶವು.

ಚಿಕ್ಕ ಮಕ್ಕಳ ಮಾತು ಬೇರೆ, ದೊಡ್ಡವರ ಮಾತು ಬೇರೆ. ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯು 2009ರಲ್ಲಿ ಆಗಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ ಆಶ್ರಯವು 6ರಿಂದ 14 ವಯಸ್ಸಿನ ಮಕ್ಕಳಿಗೆ, ಎಂಟನೆಯ ತರಗತಿಯವರೆಗೆ ಮಾತ್ರ. ಬಾಲಕಾರ್ಮಿಕರ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯು 14 ತುಂಬಿ 18 ತುಂಬದವರನ್ನು ಅಪಾಯದ ಕೆಲಸಗಳಿಗೆ ಹಚ್ಚಕೂಡದೆಂದು ವಿಧಿಸಿದರೂ ಉಳಿದ ದುಡಿಮೆಯನ್ನು ತಡೆಯಲಿಲ್ಲ. ಎಂದರೆ ಒಂಬತ್ತನೆಯ ತರಗತಿಯಿಂದ ಮುಂದಕ್ಕೆ ಮಗುವನ್ನು ಶಾಲೆಗೆ ಎಳೆದು ತರುವ ಕಡ್ಡಾಯದ ಹಗ್ಗವು ಸಡಿಲವಾಗುತ್ತದೆ. ಅದೇ ವೇಳೆಗೆ ಹೊಲ, ಅಂಗಡಿ, ಅಡಿಗೆಮನೆ, ಮದುವೆಯ ಮಾತು, ಇವೆಲ್ಲ ಇನ್ನೊಂದು ಕಡೆಯಿಂದ ಎಳೆಯತೊಡಗುತ್ತವೆ. ಈ ವಯಸ್ಸಿನವರ ಹಾಜರಿಯು ಕಾಯಿದೆಯ ಬಲದಿಂದ ನಿಲ್ಲತಕ್ಕದ್ದಲ್ಲ. ವಿದ್ಯಾರ್ಥಿ, ಮನೆ, ಶಾಲೆ, ಈ ಮೂವರ ಒಪ್ಪಂದದಿಂದಲೇ ನಿಲ್ಲಬೇಕು. ಒಪ್ಪಂದವೆಂದ ಮೇಲೆ ಮೂವರಿಗೂ ಅದರಲ್ಲಿ ಹೊಣೆಯುಂಟು. ಇದೇ ನಾವು ಇಂದು ಹೇಳಬೇಕೆಂದಿರುವ ಮುಖ್ಯ ಮಾತು.

ಹೊತ್ತಿಗೆ ಬಾರದವನನ್ನು ಶಿಕ್ಷಿಸುವ ಪದ್ಧತಿ ನಮ್ಮಲ್ಲಿ ಹೊಸದೇನೂ ಅಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಎಂಬವನು ತನ್ನ ಜಿಲ್ಲೆಯ ಶಾಲೆಗಳ ವಿಷಯವಾಗಿ ಮದ್ರಾಸಿನ ಸರಕಾರಕ್ಕೆ ವರದಿಯೊಂದನ್ನು ಕಳುಹಿದನು. ಆಗ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು. ಬೆಳಗಿನ ಆರು ಗಂಟೆಯ ಸುಮಾರಿಗೆ ಶಾಲೆ ಕೂಡುತ್ತಿತ್ತು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಮೇಲೆ ಸರಸ್ವತಿಯ ಹೆಸರನ್ನು ಬರೆದು ಗೌರವಿಸುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆ ಹಿಂದೆ ಬಂದಂತೆಲ್ಲ ಪೆಟ್ಟು ಏರುತ್ತ ಹೋಗುತ್ತಿತ್ತು.

ಮೊದಲು ಬಂದವನಿಗೆ ವಿದ್ಯಾದೇವತೆಯ ಹೆಸರನ್ನೇ ಬಹುಮಾನವಾಗಿ ಕೊಟ್ಟ ನಮ್ಮ ಹಳೆಯ ಗುರುಗಳ ಸೊಗಸಾದ ಭಾವನೆಗೆ ನಾವು ತಲೆಬಾಗಬೇಕು. ಆದರೆ ಪೆಟ್ಟಿನ ಲೆಕ್ಕವನ್ನು ಸ್ವಲ್ಪ ವಿಚಾರಿಸಿ ನೋಡಿರಿ. ಇಪ್ಪತ್ತು ಹುಡುಗರೂ ಸೂರ್ಯೋದಯಕ್ಕೆ ಮುಂಚೆಯೇ ಬಂದರೂ ಇಪ್ಪತ್ತನೆಯವನಿಗೆ ಪೆಟ್ಟು ತಪ್ಪುವಂತಿರಲಿಲ್ಲ! ಊರ ನಡುವೆ ಮನೆಯಿದ್ದವನು ಎದ್ದು ಬಂದು ಸರಸ್ವತಿಯನ್ನು ಪಡೆದರೆ, ಊರಾಚೆಯ ತೋಟದ ಮನೆಯಿಂದ ನಡೆದು ಬಂದವನು ದಿನವೂ ಪೆಟ್ಟುಗಳನ್ನೇ ಪಡೆಯಬೇಕು. ಬೆತ್ತದ ಕಾಲವು ಮುಗಿಯಿತು. 2009ರ ಕಾಯಿದೆಯೇ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಆದರೆ ಬಂದ ಕ್ರಮವನ್ನು ಎಣಿಸುವುದು, ಬಂದ ದಾರಿಯನ್ನು ಕೇಳದಿರುವುದು, ಈ ಅಭ್ಯಾಸವು ಮುಗಿಯಿತೇ? ಮುಗಿದಿಲ್ಲವೆಂದು ನಾವು ಹೇಳುತ್ತೇವೆ.

ಇಲ್ಲಿ ನಮ್ಮನ್ನು ತಪ್ಪಾಗಿ ತಿಳಿಯಕೂಡದು. ದಾರಿಯನ್ನು ಕೇಳಬೇಕೆಂದರೆ ತಡವನ್ನು ಕ್ಷಮಿಸಿಬಿಡಬೇಕೆಂದು ಅರ್ಥವಲ್ಲ. ತಡದ ಬೆಲೆಯನ್ನು ಲೆಕ್ಕ ಹಾಕಿದವರು ಹಾಗೆಂದು ಹೇಳಲಾರರು. ವರ್ಷಕ್ಕೆ 200 ದಿನ ಶಾಲೆ ನಡೆಯಿತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ದಿನಕ್ಕೆ ಹತ್ತೇ ನಿಮಿಷ ತಡವಾಗಿ ಬರುವವನು ವರ್ಷಕ್ಕೆ 2000 ನಿಮಿಷಗಳನ್ನು, ಎಂದರೆ 33 ತಾಸಿಗೂ ಮಿಕ್ಕಿದ ಹೊತ್ತನ್ನು ಕಳೆದುಕೊಳ್ಳುತ್ತಾನೆ. ಪಾಠವೊಂದಕ್ಕೆ 45 ನಿಮಿಷವಾದರೆ ಇದು 44 ಪಾಠಗಳಾಯಿತು. ಅದೂ ಎಲ್ಲ ವಿಷಯಗಳಿಗೆ ಹಂಚಿಹೋಗುವ ನಷ್ಟವಲ್ಲ. ಯಾವಾಗಲೂ ಮೊದಲ ಪಾಠದ್ದೇ. ಮೊದಲ ಪಾಠ ಗಣಿತವಾದರೆ ಗಣಿತಕ್ಕೇ ಪೆಟ್ಟು. ಅದರಲ್ಲಿಯೂ ಶಿಕ್ಷಕರು ಹೊಸ ವಿಷಯವನ್ನು ಎತ್ತಿಕೊಂಡು ಅದರ ಬುಡವನ್ನು ತಿಳಿಸುವುದು ಆ ಮೊದಲ ಹತ್ತು ನಿಮಿಷಗಳಲ್ಲಿಯೇ. ಬುಡವನ್ನು ಕೇಳದವನು ಉಳಿದ ಮೂವತ್ತೈದು ನಿಮಿಷ ಕುಳಿತರೂ ಬರಿಯ ಟೊಂಗೆಗಳನ್ನು ಎಣಿಸುತ್ತಾನೆ. ಆಮೇಲೆ ತನಗೆ ಗಣಿತವೇ ಒಗ್ಗದೆಂದು ನಂಬಿಬಿಡುತ್ತಾನೆ.

ಗೈರುಹಾಜರಿಯ ಲೆಕ್ಕವು ಇದಕ್ಕಿಂತಲೂ ಮೋಸದ್ದು. ನಮ್ಮ ರಾಜ್ಯದಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೂ ದ್ವಿತೀಯ ಪಿ.ಯು.ಸಿ. ಪರೀಕ್ಷೆಗೂ ಕೂಡಬೇಕಾದರೆ ನೂರಕ್ಕೆ 75ರಷ್ಟು ಹಾಜರಿ ಇರಬೇಕೆಂಬ ನಿಯಮವಿದೆ. ನಿಯಮವು ಯೋಗ್ಯವಾದುದೇ. ಆದರೆ 75 ಎಂಬುದು ನೆಲವೇ ಹೊರತು ಅಟ್ಟವಲ್ಲ. ಅದನ್ನು ಮುಟ್ಟಿದೊಡನೆ ಕರ್ತವ್ಯವು ಮುಗಿಯಿತೆಂದು ವಿದ್ಯಾರ್ಥಿಯೂ ತಿಳಿಯುತ್ತಾನೆ, ಪಾಲಕರೂ ತಿಳಿಯುತ್ತಾರೆ. ಆರು ದಿನಗಳ ವಾರದಲ್ಲಿ ಒಂದು ದಿನ ತಪ್ಪಿಸುವ ಹುಡುಗನಿಗೆ ನೂರಕ್ಕೆ 83ರಷ್ಟು ಹಾಜರಿ ಸಿಕ್ಕುತ್ತದೆ. ನಿಯಮವು ಅವನನ್ನು ಎಂದೂ ಮಾತನಾಡಿಸುವುದಿಲ್ಲ. ಆದರೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ವರೆಗೆ ನಾಲ್ಕು ವರ್ಷ ಹಾಗೆ ಮಾಡಿದರೆ ಅವನ ವಿದ್ಯಾಭ್ಯಾಸದಿಂದ ಒಂದು ವರ್ಷದ ಮೂರರಲ್ಲಿ ಎರಡು ಪಾಲು ಮಾಯವಾಗಿರುತ್ತದೆ. ನಿಯಮಕ್ಕೆ ಇನ್ನೊಂದು ಕುಂದೂ ಉಂಟು. 200 ದಿನಗಳಲ್ಲಿ 50 ದಿನ ತಪ್ಪುವವರೆಗೂ ಅದು ಸುಮ್ಮನಿರುತ್ತದೆ. 51ನೆಯ ದಿನ ಬಾಗಿಲು ಹಾಕುತ್ತದೆ. ಅಷ್ಟರಲ್ಲಿ ಮಾಘಮಾಸವು ಬಂದಿರುತ್ತದೆ, ಮದ್ದು ಕುಡಿಸುವ ಕಾಲವು ಕಳೆದಿರುತ್ತದೆ. ಆದುದರಿಂದ 75ರ ನಿಯಮವನ್ನೇ ನಂಬಿ ಕೂಡುವ ಶಾಲೆಯು ಬೇನೆಯನ್ನು ನೋಡದೆ ಸಾವನ್ನು ಮಾತ್ರ ದಾಖಲು ಮಾಡುವ ವೈದ್ಯನಂತಾಗುತ್ತದೆ.

ಹಾಗಾದರೆ ಬಾರದವರು ಯಾರು? ನಮ್ಮ ಅನುಭವದಲ್ಲಿ ಅವರು ಮೂರು ಬಗೆ.

ಮೊದಲನೆಯವರು ಬರಲಾರದವರು. ರಾಯಚೂರು ಯಾದಗಿರಿಯ ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ, ಮಲೆನಾಡಿನಲ್ಲಿ ಕಾಫಿ ಕೊಯ್ಲಿನ ಕಾಲಕ್ಕೆ ದೊಡ್ಡ ಮಕ್ಕಳ ಕೈಗಳನ್ನು ಮನೆಯು ಬೇಡುತ್ತದೆ. ಬರ ಬಿದ್ದ ವರ್ಷ ಮನೆ ಮಂದಿಯೆಲ್ಲ ಗುಳೆ ಹೋಗುತ್ತಾರೆ. ಹಿರಿಯ ಮಗ ದುಡಿಯಲಿಕ್ಕೆ, ಹಿರಿಯ ಮಗಳು ಕೂಸುಗಳನ್ನು ನೋಡಿಕೊಳ್ಳಲಿಕ್ಕೆ. ಇವರಿಗೆ ಸಮಯಪಾಲನೆಯ ಉಪದೇಶ ಮಾಡುವುದು ಹಸಿದವನಿಗೆ ಪಥ್ಯ ಹೇಳಿದಂತೆ.

ಎರಡನೆಯವರು ಬರಬೇಕೆಂದಿದ್ದರೂ ಹೊತ್ತಿಗೆ ಮುಟ್ಟಲಾರದವರು. ಹಳ್ಳಿಯಲ್ಲಿ ಸಾಮಾನ್ಯವಾಗಿ ಏಳನೆಯ ಅಥವಾ ಎಂಟನೆಯ ತರಗತಿಯವರೆಗೆ ಶಾಲೆಯಿರುತ್ತದೆ. ಪ್ರೌಢಶಾಲೆಗೆ ಹೋಬಳಿಯ ಊರಿಗೂ ಪಿ.ಯು.ಸಿ.ಗೆ ತಾಲೂಕಿನ ಊರಿಗೂ ಹೋಗಬೇಕಾಗುತ್ತದೆ. ದಾರಿಯ ಈ ಕಷ್ಟವನ್ನು ಕಂಡೇ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಸರಕಾರವು 2006-07ರಲ್ಲಿ ಆರಂಭಿಸಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಪ್ರಯಾಣವು ಉಚಿತವಾಯಿತು. ಹಣದ ಅಡ್ಡಿಯು ಇವುಗಳಿಂದ ಬಹುಮಟ್ಟಿಗೆ ತೊಲಗಿತು. ಇದು ಸಣ್ಣ ಉಪಕಾರವಲ್ಲ. ಆದರೆ ಬೆಳಗಿನ ಒಂದೇ ಬಸ್ಸು ತುಂಬಿ ಬಂದು ನಿಲ್ಲದೆ ಹೋದರೆ ಟಿಕೀಟಿನ ಹಣ ಉಳಿದಿದ್ದರಿಂದ ಪಾಠವೇನೂ ಉಳಿಯಲಿಲ್ಲ.

ಮೂರನೆಯವರು ಬರಬಲ್ಲವರಾದರೂ ಬಾರದವರು. ಪಟ್ಟಣಗಳಲ್ಲಿ ಇವರ ಸಂಖ್ಯೆ ಬೆಳೆಯುತ್ತಿದೆ. ವೈದ್ಯಕೀಯ, ಇಂಜಿನಿಯರಿಂಗ್ ಪ್ರವೇಶಪರೀಕ್ಷೆಗಳ ಕೋಚಿಂಗಿಗೆ ಹಗಲೆಲ್ಲ ಹೋಗುವುದು, ಹೆಸರನ್ನು ಮಾತ್ರ ಒಂದು ಕಾಲೇಜಿನ ಪುಸ್ತಕದಲ್ಲಿ ಇರಿಸುವುದು, ಹಾಜರಿಯನ್ನು ಹಣಕ್ಕೆ ಕೊಳ್ಳುವುದು. ಕೋಚಿಂಗ್ ತರಗತಿಗಳು ಶಾಲೆ ಕಾಲೇಜುಗಳ ವೇಳೆಯಲ್ಲಿ ನಡೆಯಕೂಡದು, ಅವುಗಳಿಂದ ಮಕ್ಕಳ ಹಾಜರಿ ಕೆಡಕೂಡದು ಎಂದು ಕೇಂದ್ರ ಶಿಕ್ಷಣ ಮಂತ್ರಾಲಯವು 2024ರ ಜನವರಿಯಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಮಾರ್ಗಸೂಚಿಯು ಕಾಗದದ ಮೇಲಿದೆ. ಅದನ್ನು ಓದಬೇಕಾದವರು ಕೋಚಿಂಗಿನ ಶುಲ್ಕದ ರಸೀತಿಯನ್ನು ಓದುತ್ತಿದ್ದಾರೆ.

ಈಗ ನ್ಯಾಯವನ್ನು ನೋಡಿರಿ. ಹಣವುಳ್ಳವನು ವರ್ಷವೆಲ್ಲ ಬಾರದೆಯೂ ಪುಸ್ತಕದಲ್ಲಿ ಹಾಜರಾಗಿರುತ್ತಾನೆ. ಬಸ್ಸು ತಪ್ಪಿದ ಹುಡುಗಿಯು ನಾಲ್ಕು ಮೈಲಿ ನಡೆದು ಬಂದು ಬಾಗಿಲಲ್ಲಿ ನಿಂತರೂ ಪುಸ್ತಕದಲ್ಲಿ ಗೈರುಹಾಜರಾಗುತ್ತಾಳೆ! ಒಂದೇ ನಿಯಮವು ಇಬ್ಬರನ್ನೂ ಅಳೆಯುತ್ತಿದೆ ಎಂದು ನಾವು ಹೇಗೆ ಹೇಳೋಣ?

ಬಾಗಿಲೆಂದ ಮೇಲೆ ಅದರ ಮಾತನ್ನು ಬಿಚ್ಚಿ ಹೇಳಲೇಬೇಕು. ತಡವಾಗಿ ಬಂದವರನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸುವ ವಾಡಿಕೆ ಹಲವು ಕಡೆ ಇದೆ. ಶಿಸ್ತಿಗಾಗಿ ಹೀಗೆ ಮಾಡುತ್ತಾರೆಂಬುದನ್ನು ನಾವು ಬಲ್ಲೆವು; ಮಾಡುವವರ ಮನಸ್ಸು ಕೆಟ್ಟದ್ದೆಂದು ಹೇಳುವುದಿಲ್ಲ. ಆದರೆ ಫಲವನ್ನು ನೋಡಬೇಡವೇ? ಹತ್ತು ನಿಮಿಷದ ತಪ್ಪಿಗೆ ಇಡೀ ದಿನದ ಪಾಠವನ್ನು ದಂಡವಾಗಿ ಕಸಿದುಕೊಳ್ಳುವುದು ಯಾವ ಶಿಸ್ತು? ಹುಡುಗನಾದರೆ ಸಂಜೆಯವರೆಗೆ ಬಸ್ ನಿಲ್ದಾಣದಲ್ಲಿ ಅಲೆದು ಮನೆಗೆ ಹೋಗುತ್ತಾನೆ. ಆ ಒಂದು ದಿನದಲ್ಲಿ ಕಲಿತದ್ದನ್ನು ಮರೆಸಲು ಶಾಲೆಗೆ ಒಂದು ವರ್ಷ ಬೇಕಾದೀತು. ಹುಡುಗಿಯಾದರೆ ಗತಿ ಇನ್ನೂ ಕಠಿಣವಾದುದು. ಮಧ್ಯಾಹ್ನಕ್ಕೆ ಮುಂಚೆ ಮನೆ ಸೇರಿದ ಮಗಳನ್ನು ತಂದೆಯು ಪ್ರಶ್ನಿಸುತ್ತಾನೆ. ನೆರೆಹೊರೆಯವರು ಕತೆ ಕಟ್ಟುತ್ತಾರೆ. ಇವಳನ್ನು ಇನ್ನು ಕಳಿಸುವುದೇ ಬೇಡವೆಂದು ಕಾದು ಕುಳಿತ ಹಿರಿಯರೊಬ್ಬರಿಗೆ ಬೇಕಾಗಿದ್ದ ನೆಪವು ಸಿಕ್ಕಿಬಿಡುತ್ತದೆ. ಶಾಲೆಯು ಮುಚ್ಚಿದ್ದು ಒಂದು ದಿನದ ಬಾಗಿಲನ್ನು. ಮನೆಯು ಮುಚ್ಚುವುದು ಒಂದು ಜನ್ಮದ ಬಾಗಿಲನ್ನು. ಆದುದರಿಂದ ನಾವು ಸ್ಪಷ್ಟವಾಗಿ ಹೇಳುತ್ತೇವೆ: ಎಷ್ಟೇ ತಡವಾಗಿ ಬಂದ ಮಗುವಾದರೂ ಶಾಲೆಯ ಒಳಕ್ಕೆ ಬರತಕ್ಕದ್ದು. ವಿಚಾರಣೆಯು ಒಳಗೆ ಆಗಲಿ.

ಇನ್ನು ಶಿಕ್ಷಕ ಬಂಧುಗಳಿಗೆ ಒಂದು ಕಠಿಣವಾದ ಮಾತು. ಬಾರದ ಮಗುವಿನ ಹೆಸರಿನ ಮುಂದೆ ಬಂದಿದೆಯೆಂದು ಗುರುತು ಹಾಕುವುದು ಕೆಲವೆಡೆ ಹಣದಿಂದ ಆಗುತ್ತದೆ. ಅದನ್ನು ಖಂಡಿಸಲು ಹೆಚ್ಚು ಮಾತು ಬೇಡ. ಆದರೆ ಹಲವೆಡೆ ಅದು ಕರುಣೆಯಿಂದ ಆಗುತ್ತದೆ. ‘ಪಾಪ, ಬಡವರ ಮಗು, ಪರೀಕ್ಷೆ ತಪ್ಪಬಾರದು’ ಎಂದು ಮಾಸ್ತರರ ಲೇಖನಿಯು ತಾನಾಗಿಯೇ ಬಾಗುತ್ತದೆ. ಆ ಕರುಣೆಯನ್ನು ನಾವು ಗೌರವಿಸುತ್ತೇವೆ, ಆ ಗುರುತನ್ನು ಒಪ್ಪುವುದಿಲ್ಲ. ಏಕೆಂದರೆ ಹಾಜರಿಪುಸ್ತಕವು ಮಗುವಿನ ನಾಡಿ ಇದ್ದಂತೆ. ಜ್ವರ ಬಂದವನ ನಾಡಿ ಸರಿಯಿದೆಯೆಂದು ಬರೆದರೆ ಮದ್ದು ಕೊಡುವವರಾರು? ಒಂದು ತಾಲೂಕಿನ ನೂರು ಮಕ್ಕಳು ಹತ್ತಿಯ ಕಾಲಕ್ಕೆ ಹೊಲದಲ್ಲಿರುವಾಗ ಪುಸ್ತಕಗಳೆಲ್ಲ ಅವರನ್ನು ಶಾಲೆಯಲ್ಲಿ ತೋರಿಸಿದರೆ, ಆ ತಾಲೂಕಿಗೆ ಹಾಸ್ಟೆಲು ಬೇಕೆಂದಾಗಲಿ, ಇನ್ನೊಂದು ಬಸ್ಸು ಬೇಕೆಂದಾಗಲಿ ಯಾವ ಸರಕಾರಕ್ಕೆ ತಿಳಿಯಬೇಕು? ಸುಳ್ಳು ಹಾಜರಿಯು ಮಗುವನ್ನು ಕಾಪಾಡುವುದಿಲ್ಲ, ಅದನ್ನು ಅಡಗಿಸುತ್ತದೆ.

ಹಿರಿಯರ ವಿಷಯಕ್ಕೆ ಬರೋಣ. ಹೊತ್ತಿನ ಬೆಲೆಯು ನಮ್ಮ ಜನರಿಗೆ ಗೊತ್ತಿಲ್ಲವೆಂದು ಹೇಳುವವರುಂಟು. ಇದು ಶುದ್ಧ ಸುಳ್ಳು. ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲ ಜೋಳವೆಂದು ನಕ್ಷತ್ರ ನೋಡಿ ಬಿತ್ತುವ ಒಕ್ಕಲಿಗನು, ಗಾಳಿ ಬಂದಾಗ ತೂರಿಕೊಳ್ಳಲು ಕಣದಲ್ಲಿ ರಾತ್ರಿಯೆಲ್ಲ ಎಚ್ಚತ್ತಿರುವವನು, ಒಂದು ದಿನ ತಡವಾದರೆ ಹದ ಹಾರಿತೆಂದು ಬಲ್ಲವನು. ಕಾಲನಿಷ್ಠೆಯು ಹೊಲದಲ್ಲಿ ಉಂಟು, ಸಭೆಯಲ್ಲಿ ಇಲ್ಲ. ಐದು ಗಂಟೆಗೆಂದು ಕರೆದ ಸಭೆ ಆರೂವರೆಗೆ ಆರಂಭವಾದರೆ ನಮ್ಮಲ್ಲಿ ಯಾರೂ ಆಶ್ಚರ್ಯಪಡುವುದಿಲ್ಲ. ಅತಿಥಿಗಳು ಬರುವವರೆಗೆ ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ಕೂಡಿಸಿ, ಬಂದ ಮೇಲೆ ಅದೇ ಅತಿಥಿಗಳಿಂದ ಸಮಯಪಾಲನೆಯ ಉಪದೇಶ ಮಾಡಿಸುತ್ತೇವೆ! ಗಂಟೆಯಾದ ಹದಿನೈದು ನಿಮಿಷಕ್ಕೆ ವರ್ಗಕ್ಕೆ ಬರುವ ಶಿಕ್ಷಕರಿಂದಲೂ ಮಕ್ಕಳು ಪಾಠ ಕಲಿಯುತ್ತಾರೆ. ಕಲಿಯುವುದು ಮಾತ್ರ ಬೇರೆ ಪಾಠ. ದೊಡ್ಡ ಮಕ್ಕಳ ಕಣ್ಣುಗಳು ತೀಕ್ಷ್ಣವಾದವು. ತಮ್ಮಿಂದ ಬೇಡಿದ್ದನ್ನು ಹಿರಿಯರು ತಾವೇ ಮಾಡುವುದಿಲ್ಲವೆಂದು ಕಂಡೊಡನೆ ನಿಯಮದ ಮೇಲಿನ ಗೌರವವು ಅವರಲ್ಲಿ ಅಳಿಯುತ್ತದೆ. ಕೊಟ್ಟ ವೇಳೆಯೆಂದರೆ ಕೊಟ್ಟ ಮಾತು. ಅದು ಹಿರಿಯರಿಗೂ ಕಿರಿಯರಿಗೂ ಒಂದೇ.

ದೋಷಗಳನ್ನು ಎಣಿಸಿ ಕೈ ತೊಳೆದುಕೊಳ್ಳುವುದು ಸುಲಭ. ಆದುದರಿಂದ ಈ ವರ್ಷದಿಂದಲೇ ಮಾಡಬಹುದಾದ, ಹೆಚ್ಚು ಹಣ ಬೇಡದ ಕೆಲವು ಕೆಲಸಗಳನ್ನು ಸಭೆಯ ಮುಂದಿಡುತ್ತೇವೆ.

ಮೊದಲನೆಯದಾಗಿ, ನಿರೀಕ್ಷೆಯನ್ನು ತಿಳಿಸಿ ಹೇಳಬೇಕು. ಶಾಲೆ ತೆರೆದ ಮೊದಲ ವಾರದಲ್ಲಿಯೇ ಗಂಟೆ ಎಷ್ಟಕ್ಕೆ, ತಡವೆಂದರೆ ಎಷ್ಟು, ಬಾರದಿದ್ದರೆ ಯಾರಿಗೆ ತಿಳಿಸಬೇಕು, ಬೇನೆಯಾದರೆ ಯಾವ ಚೀಟಿ ತರಬೇಕು ಎಂಬುದನ್ನು ತಿಳಿಗನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಮನೆಗೆ ಕಳಿಸಬೇಕು. ಓದಲಾರದ ಪಾಲಕರಿಗೆ ಕರೆದು ಓದಿ ಹೇಳಬೇಕು.

ಎರಡನೆಯದಾಗಿ, ತಡವಾಗಿ ಬಂದವರಿಗೆ ಬೇರೆ ಒಂದು ಪುಸ್ತಕವಿರಲಿ. ಅದರಲ್ಲಿ ಹೆಸರು, ಬಂದ ವೇಳೆ, ಕಾರಣ, ಇಷ್ಟೇ ಬರೆಯಲಿ. ಒಂದು ತಿಂಗಳ ಪುಟವನ್ನು ತಿರುವಿದರೆ ಸೋಮಾರಿಗಳಾರು, ಬಸ್ಸಿನವರಾರು, ತಾಯಿಯ ಕಾಯಿಲೆಯಿಂದ ಮನೆಯಲ್ಲಿ ಅಡಿಗೆ ಮಾಡಿ ಬರುವವರಾರು ಎಂಬುದು ಕನ್ನಡಿಯಂತೆ ಕಾಣುತ್ತದೆ. ಒಂದೇ ಊರಿನ ಹತ್ತು ಮಕ್ಕಳು ದಿನವೂ ಒಂದೇ ವೇಳೆಗೆ ತಡವಾಗಿ ಬರುತ್ತಿದ್ದರೆ ತಪ್ಪು ಆ ಮಕ್ಕಳದಲ್ಲ. ಆ ಪುಟವನ್ನು ಹಿಡಿದುಕೊಂಡು ಮುಖ್ಯೋಪಾಧ್ಯಾಯರೂ ಶಾಲಾಭಿವೃದ್ಧಿ ಸಮಿತಿಯವರೂ ಪಂಚಾಯತಿಯವರೂ ಕೂಡಿ ಬಸ್ ಡಿಪೋಗೆ ಹೋಗಲಿ. ಬಸ್ಸಿನ ವೇಳೆ ಬದಲಾಗದಿದ್ದರೆ ಮೊದಲ ಗಂಟೆಯನ್ನು ಕಾಲು ತಾಸು ಮುಂದಕ್ಕೆ ಹಾಕಲು ಮೇಲಿನವರ ಅನುಮತಿಯನ್ನು ಕೇಳಲಿ.

ಮೂರನೆಯದಾಗಿ, ಎಚ್ಚರಿಕೆಯು 51ನೆಯ ದಿನಕ್ಕಲ್ಲ, ಮೂರನೆಯ ದಿನಕ್ಕೆ ಹೋಗಬೇಕು. ಸತತ ಮೂರು ದಿನ ಬಾರದ ಮಗುವಿನ ಮನೆಗೆ ಫೋನಿನಿಂದಾಗಲಿ, ಅದೇ ಓಣಿಯ ಸಹಪಾಠಿಯಿಂದಾಗಲಿ ವಿಚಾರಣೆ ಹೋಗಲಿ. ಮಾತು ಬೆದರಿಕೆಯದಾಗಿರಬಾರದು. “ನಿಮ್ಮ ಮಗಳು ಬಂದಿಲ್ಲ, ನಾವು ಕಾಯುತ್ತಿದ್ದೇವೆ” ಎಂಬಷ್ಟೇ ಸಾಕು. ತನ್ನ ಬರವನ್ನು ಕಾಯುವವರಿದ್ದಾರೆಂದು ತಿಳಿದ ಮಗುವು ಶಾಲೆಯನ್ನು ಸುಲಭವಾಗಿ ಬಿಡದು.

ನಾಲ್ಕನೆಯದಾಗಿ, ಸುಗ್ಗಿಯ ವಿಷಯದಲ್ಲಿ ಪಾಲಕರೊಡನೆ ಮನಸ್ಸು ಬಿಚ್ಚಿ ಮಾತನಾಡಬೇಕು. ಬಿಡುವಿನ ದಿನಗಳಲ್ಲಿ, ಶನಿವಾರದ ಮಧ್ಯಾಹ್ನದಲ್ಲಿ ಮಗುವು ಮನೆಗೆ ಕೈ ಹಚ್ಚಲಿ. ಅದು ನಮ್ಮ ಬಾಳಿನ ಧರ್ಮವೇ. ಆದರೆ ಹತ್ತನೆಯ ತರಗತಿಯ ಮಗುವಿನ ಒಂದು ತಿಂಗಳ ಕೂಲಿಯನ್ನು ಲೆಕ್ಕ ಹಾಕುವ ತಂದೆಯು, ಪರೀಕ್ಷೆ ತಪ್ಪಿದ ಮಗನ ಮುಂದಿನ ನಲವತ್ತು ವರ್ಷಗಳ ಕೂಲಿಯನ್ನೂ ಲೆಕ್ಕ ಹಾಕಲಿ. ಕಳೆದ ಪಾಠಗಳನ್ನು ಸಂಜೆಗೆ ಒಂದು ತಾಸು ಕೂಡಿಸಿ ತುಂಬಿಕೊಡುವ ಹೊಣೆಯನ್ನು ಶಾಲೆಯು ಹೊರಲಿ.

ಕಡೆಯದಾಗಿ ವಿದ್ಯಾರ್ಥಿ ಮಿತ್ರರಿಗೆ. ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕೆಂಬುದು ನಮ್ಮ ಪೂರ್ವಿಕರ ಮಾತು. ಮಗಳಿಗೂ ಅದು ಸಲ್ಲತಕ್ಕದ್ದೇ. ಆದುದರಿಂದ ನಿಮ್ಮೊಡನೆ ಬೆತ್ತದ ಭಾಷೆಯನ್ನು ನಾವು ಆಡುವುದಿಲ್ಲ. ನಿಮಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವು ದೊರೆತಿದೆ. ಬಿದ್ದವರನ್ನು ಎತ್ತುವ ಏರ್ಪಾಡದು, ಕುಳಿತವರನ್ನು ಮಲಗಿಸುವ ಏರ್ಪಾಡಲ್ಲ. ಪರೀಕ್ಷೆಯನ್ನು ಮತ್ತೊಮ್ಮೆ ಬರೆಯಬಹುದು. ಕಳೆದ ಪಾಠವನ್ನು ನಿಮಗಾಗಿ ಮತ್ತೊಮ್ಮೆ ಯಾರೂ ಹೇಳುವುದಿಲ್ಲ. ನಿಜವಾದ ಕಷ್ಟವಿದ್ದವರು ನಾಚದೆ ಬಂದು ಶಿಕ್ಷಕರಿಗೆ ಹೇಳಿರಿ. ಕಷ್ಟವಿಲ್ಲದವರು, ಹಾಸಿಗೆಯೂ ಕೈಯೊಳಗಿನ ಮೊಬೈಲೂ ತಪ್ಪಿಸಿದ ಹತ್ತು ನಿಮಿಷಗಳಿಗೆ ಬಸ್ಸಿನ ಹೆಸರು ಹೇಳಬೇಡಿರಿ. ನೀವು ಹೇಳಿದ ಒಂದು ಸುಳ್ಳಿನಿಂದ, ನಿಜವಾಗಿಯೂ ಬಸ್ಸು ತಪ್ಪಿದ ನಿಮ್ಮ ಸಹಪಾಠಿಯ ಮಾತನ್ನು ನಾಳೆ ಯಾರೂ ನಂಬದಂತಾಗುತ್ತದೆ.

ಮಹನೀಯರೇ, ಎರಡು ನೂರು ವರ್ಷಗಳ ಹಿಂದೆ ನಮ್ಮ ಗುರುಗಳು ಮೊದಲು ಬಂದ ಒಬ್ಬನ ಅಂಗೈಯಲ್ಲಿ ಮಾತ್ರ ಸರಸ್ವತಿಯ ಹೆಸರನ್ನು ಬರೆದರು. ಇಂದು ಆ ಹೆಸರು ಬಂದ ಪ್ರತಿಯೊಂದು ಮಗುವಿನ ಕೈಗೂ ಸಲ್ಲಬೇಕು. ತಡವಾಗಿ ಬಂದವರಿಗೆ ಅದರೊಡನೆ ಒಂದು ಪ್ರಶ್ನೆಯೂ ಸಲ್ಲಲಿ: “ಏಕೆ ತಡವಾಯಿತು?” ಆ ಪ್ರಶ್ನೆಯನ್ನು ಕೇಳುವ ತಾಳ್ಮೆ ಶಿಕ್ಷಕರಲ್ಲಿಯೂ, ನಿಜವನ್ನೇ ಹೇಳುವ ಧೈರ್ಯ ವಿದ್ಯಾರ್ಥಿಗಳಲ್ಲಿಯೂ, ಕಾರಣವನ್ನು ನೀಗುವ ಮನಸ್ಸು ಪಾಲಕರಲ್ಲಿಯೂ ಉಂಟಾಗಲೆಂದು ಹಾರೈಸುತ್ತೇವೆ.